ಉಣ್ಣೆಗಳಿಂದ ಹರಡುವ ರಕ್ತಪರೋಪಜೀವಿಗಳೂ ದನಗಳಿಗೆ ಲಸಿಕೆಯೂ: ಬೀದರ, ಭಾಲ್ಕಿ, ಔರಾದ ಪ್ರದೇಶವನ್ನು ಕುರಿತು

ಭಾಲ್ಕಿ ಅಥವಾ ಔರಾದ ತಾಲ್ಲೂಕಿನ ಗ್ರಾಮಗಳಲ್ಲಿ, ಮುಂಗಾರು ಹಿಡಿದು ಕೆಲವು ವಾರಗಳಾದ ಮೇಲೆ, ಪಶುವೈದ್ಯರು ಪದೇ ಪದೇ ಕಾಣುವ ದೃಶ್ಯವೊಂದುಂಟು. ಒಂದೇ ಕೊಟ್ಟಿಗೆಯಲ್ಲಿ ಎರಡು ಆಕಳುಗಳಿರುತ್ತವೆ. ಒಂದು ಮನೆಯಲ್ಲಿಯೇ ಹುಟ್ಟಿ ಬೆಳೆದ ದೇವಣಿ; ಮತ್ತೊಂದು ಹಾಲಿಗೋಸ್ಕರ ಸಾಲ ಮಾಡಿ ಕೊಂಡು ತಂದ ಹೋಲ್‌ಸ್ಟೈನ್ ಮಿಶ್ರತಳಿಯದು. ಎರಡರ ಮೈಮೇಲೂ ಉಣ್ಣೆಗಳಿವೆ. ಮಿಶ್ರತಳಿಯ ಆಕಳು ಮೇವು ಬಿಟ್ಟು, ತಲೆ ತಗ್ಗಿಸಿ, ಏದುಸಿರು ಬಿಡುತ್ತ ನಿಂತಿರುತ್ತದೆ; ಜ್ವರವು 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರಿರುತ್ತದೆ; ಹೆಗಲಿನ ಮುಂಭಾಗದ ಗ್ರಂಥಿಯು ನಿಂಬೆಹಣ್ಣಿನಂತೆ ಉಬ್ಬಿ ಕೈಗೆ ಸಿಗುತ್ತದೆ. ದೇವಣಿಯಾದರೋ ನೆಮ್ಮದಿಯಿಂದ ಮೆಲುಕು ಹಾಕುತ್ತಿರುತ್ತದೆ. ಚಿಕಿತ್ಸೆ ತಡವಾದರೆ ಹತ್ತು ಹದಿನೈದು ದಿನಗಳೊಳಗೆ ಹಾಲಿನ ಆಕಳು ಸಾಯುವುದು, ಸಾಲ ಮಾತ್ರ ಉಳಿಯುವುದು. ಒಂದೇ ಗೋಡೆಯೊಳಗೆ, ಒಂದೇ ಉಣ್ಣೆಗೆ ರಕ್ತವನ್ನು ಕೊಡುವ ಎರಡು ಪ್ರಾಣಿಗಳ ಗತಿ ಹೀಗೆ ಬೇರೆಯಾಗುವುದೇಕೆ, ಲಸಿಕೆಯ ಮೂಲಕ ಎರಡನೆಯದಕ್ಕೂ ಮೊದಲನೆಯದರ ಭಾಗ್ಯವನ್ನು ದೊರಕಿಸಲು ಸಾಧ್ಯವೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಈ ಪ್ರದೇಶವು ದೇವಣಿ ತಳಿಯ ತವರು. ತಳಿಗೆ ಹೆಸರು ಕೊಟ್ಟ ದೇವಣಿ ಎಂಬ ಊರು ಈಗ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದ್ದರೂ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ ಸೀಮೆಯೊಡನೆ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಗೇ ಸೇರಿದ್ದಿತು. ಗಡಿಯ ಗೆರೆ ಬದಲಾಯಿತೇ ಹೊರತು ದನಗಳ ಓಡಾಟ ಬದಲಾಗಲಿಲ್ಲ. ಉಣ್ಣೆಗಳ ಓಡಾಟವಂತೂ ಇಲ್ಲವೇ ಇಲ್ಲ. ಮೈಯೆಲ್ಲ ಬಿಳುಪಾದ ಬಾಲಂಕ್ಯ, ಬಿಳಿಯ ಮೈಗೆ ಕರಿಯ ಮುಖವುಳ್ಳ ವನ್ನೇರಾ, ಕಪ್ಪುಬಿಳುಪಿನ ಮಚ್ಚೆಗಳುಳ್ಳ ವಾಘ್ಯಾ ಎಂಬ ಮೂರು ಬಗೆಗಳಲ್ಲಿ ಈ ತಳಿಯನ್ನು ರೈತರು ಗುರುತಿಸುತ್ತಾರೆ. ಎರೆಭೂಮಿಯ ಉಳುಮೆಗೂ ಮನೆಯ ಹಾಲಿಗೂ ಒದಗುವ ಈ ದನವನ್ನು ಹಿಂದಿನವರು ಉಣ್ಣೆಯ ನಡುವೆಯೇ ಸಾಕಿ ಬೆಳೆಸಿದರು. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾನಿಲಯವು 2004ರ ಅಧಿನಿಯಮದಂತೆ ಸ್ಥಾಪಿತವಾದ ಮೇಲೆ ದೇವಣಿಯ ಸಂರಕ್ಷಣೆಯು ಅದರ ಮುಖ್ಯ ಕಾರ್ಯಗಳಲ್ಲೊಂದಾಗಿರುತ್ತದೆ. ಆದರೆ ಹಾಲಿನ ಪೇಟೆ ಬೆಳೆದಂತೆ ಮಿಶ್ರತಳಿಯ ದನಗಳೂ ಹೆಚ್ಚಾದವು. ನಮ್ಮ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ.

ಉಣ್ಣೆಯು ರೋಗವನ್ನು ತರುತ್ತದೆಂಬ ಸಂಗತಿಯು ವಿಜ್ಞಾನದ ದೃಷ್ಟಿಯಿಂದ ಅಷ್ಟೇನೂ ಹಳೆಯದಲ್ಲ. ಅಮೆರಿಕಾದ ಟೆಕ್ಸಸ್ ಜ್ವರವನ್ನು ಪರಿಶೀಲಿಸಿದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು 1893ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದನಗಳ ಕೆಂಪು ರಕ್ತಕಣಗಳನ್ನು ನಾಶಪಡಿಸುವ ಬಬೀಸಿಯ ಎಂಬ ಜೀವಿಯು ಉಣ್ಣೆಯ ಮುಖಾಂತರವೇ ಹರಡುತ್ತದೆಂದು ಸಿದ್ಧಪಡಿಸಿದರು. ರಕ್ತ ಹೀರುವ ಸಂಧಿಪದಿಯೊಂದು ಏಕಕೋಶಜೀವಿಯ ರೋಗವನ್ನು ಸಾಗಿಸುತ್ತದೆಂಬುದಕ್ಕೆ ಇದೇ ಮೊದಲನೆಯ ಪ್ರಮಾಣ. ರೊನಾಲ್ಡ್ ರಾಸನು ಸೊಳ್ಳೆಯ ಜಠರದಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು ಇದಾದ ನಾಲ್ಕು ವರ್ಷಗಳ ತರುವಾಯ, 1897ರ ಆಗಸ್ಟಿನಲ್ಲಿ, ನಮಗೆ ಸಮೀಪದ ಸಿಕಂದರಾಬಾದಿನಲ್ಲಿ. ಮನುಷ್ಯನ ರೋಗಕ್ಕೆ ದಾರಿ ತೋರಿಸಿದ್ದು ದನದ ರೋಗವೆಂಬುದನ್ನು ಪಶುವೈದ್ಯರು ಆಗಾಗ ನೆನಪಿಸಿಕೊಂಡರೆ ತಪ್ಪಾಗಲಾರದು.

ನಮ್ಮ ದನಗಳಲ್ಲಿ ಉಣ್ಣೆಗಳಿಂದ ಬರುವ ರಕ್ತರೋಗಗಳು ಮುಖ್ಯವಾಗಿ ಮೂರು. ಬಬೀಸಿಯ ರೋಗದಲ್ಲಿ ಕೆಂಪು ಕಣಗಳು ಒಡೆದು ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವುದರಿಂದ ರೈತರೂ ಅದನ್ನು ಕೂಡಲೇ ಗುರುತಿಸುತ್ತಾರೆ. ಅನಪ್ಲಾಸ್ಮ ರೋಗದಲ್ಲಿ ಮೂತ್ರದ ಬಣ್ಣ ಕೆಡುವುದಿಲ್ಲ; ರಕ್ತಹೀನತೆ, ಕಾಮಾಲೆ, ಮಲಬದ್ಧತೆ ಪ್ರಧಾನ ಲಕ್ಷಣಗಳು; ಕಚ್ಚುವ ನೊಣಗಳಿಂದಲೂ, ಶುದ್ಧಿಮಾಡದ ಸೂಜಿಯಿಂದಲೂ ಅದು ಹರಡಬಲ್ಲದು. ಇವೆರಡಕ್ಕೂ ಮದ್ದುಗಳುಂಟು, ವೇಳೆಗೆ ಕೊಟ್ಟರೆ ಗುಣ ಕಾಣುವುದುಂಟು. ಮೂರನೆಯದು ಥೈಲೇರಿಯ ಅನ್ಯುಲೇಟ ಎಂಬ ಜೀವಿಯಿಂದಾಗುವ ಥೈಲೇರಿಯ ಜ್ವರ. ಮೇಲೆ ವರ್ಣಿಸಿದ ಆಕಳಿನ ರೋಗ ಇದೇ. ಭಾರತದ ಮಿಶ್ರತಳಿಯ ದನಗಳಿಗೆ ಈ ಮೂರರಲ್ಲಿ ಅತ್ಯಂತ ಹಾನಿಕರವಾದದ್ದೂ, ಲಸಿಕೆಯು ನಮ್ಮ ದೇಶದಲ್ಲಿಯೇ ಸಿದ್ಧವಾಗಿ ದೊರೆಯುವುದೂ ಇದೊಂದಕ್ಕೇ. ಆದುದರಿಂದ ಇದನ್ನೇ ವಿಸ್ತಾರವಾಗಿ ನೋಡಬೇಕಾಗಿದೆ.

ಈ ಜೀವಿಯನ್ನು ಸಾಗಿಸುವ ಉಣ್ಣೆಯು ಹಯಲೊಮ್ಮ ಅನಟೋಲಿಕಂ. ದನದ ಮೈಮೇಲೆ ಸಣ್ಣ ಹರಳಿನಂತೆ ಗುಂಪುಗುಂಪಾಗಿ ಕಾಣುವ, ಹುಟ್ಟಿದಾಗಿನಿಂದ ಬಲಿಯುವವರೆಗೆ ಒಂದೇ ದನವನ್ನು ಬಿಡದ ಸಾಮಾನ್ಯ ಉಣ್ಣೆ ಬೇರೆ; ಅದು ಬಬೀಸಿಯವನ್ನು ಒಯ್ಯುತ್ತದೆ, ತನ್ನ ಮೊಟ್ಟೆಗಳ ಮೂಲಕ ಮರಿಗಳಿಗೂ ಅದನ್ನು ದಾಟಿಸುತ್ತದೆ. ಹಯಲೊಮ್ಮದ ಜೀವನವು ಹಾಗಲ್ಲ. ಅದು ದನದ ಮೈಗೆ ಹತ್ತುತ್ತದೆ, ರಕ್ತ ಕುಡಿಯುತ್ತದೆ, ಕೆಳಗೆ ಬಿದ್ದು ಗೋಡೆಯ ಸಂದುಗೊಂದುಗಳಲ್ಲಿ ಅಡಗಿ ಪೊರೆ ಬಿಡುತ್ತದೆ. ಮತ್ತೆ ಹಸಿದು ಹೊರಬಂದು ಸಿಕ್ಕಿದ ದನಕ್ಕೆ ಹತ್ತುತ್ತದೆ. ಬೀದರ ಪಟ್ಟಣದ ಸುತ್ತಣ ಜಂಬಿಟ್ಟಿಗೆಯ ಕಲ್ಲು ತೂತುತೂತಾಗಿರುವುದನ್ನು ಎಲ್ಲರೂ ಬಲ್ಲರು. ಔರಾದ ಕಡೆಯ ಮಣ್ಣು ಮೆತ್ತಿದ ಕಲ್ಲುಗೋಡೆಗಳಲ್ಲಿಯೂ ಬಿರುಕುಗಳಿಗೆ ಕೊರತೆಯಿಲ್ಲ. ಇಂತಹ ಗೋಡೆಗಳಿಂದಾದ ಕೊಟ್ಟಿಗೆಯು ಹಯಲೊಮ್ಮಕ್ಕೆ ಹೇಳಿ ಮಾಡಿಸಿದ ಮನೆ. ಭಾಲ್ಕಿ ಕಡೆಯ ಮರಾಠಿ ಮಾತನಾಡುವ ರೈತರು ಗೋಚೀಡ ಎಂದೂ, ಕನ್ನಡಿಗರು ಉಣ್ಣೆ, ಉಣ್ಣಿ ಎಂದೂ ಕರೆಯುವಾಗ ಎರಡು ಜಾತಿಗಳನ್ನೂ ಒಂದೇ ಹೆಸರಿನಲ್ಲಿ ಸೇರಿಸಿಬಿಡುತ್ತಾರೆ. ಅವುಗಳ ಸ್ವಭಾವಭೇದವು ತಿಳಿದಿರಬೇಕಾದುದು ಅವಶ್ಯ: ದನದ ಮೈಗೆ ಔಷಧಿ ಹಾಕಿ ಗೋಡೆಯನ್ನು ಮರೆತರೆ ಹಯಲೊಮ್ಮಕ್ಕೆ ಏನೂ ಆದಂತಾಗಲಿಲ್ಲ.

ಥೈಲೇರಿಯ ಜೀವಿಯು ಉಣ್ಣೆಯ ಮೊಟ್ಟೆಯನ್ನು ದಾಟುವುದಿಲ್ಲ. ಎಳೆಯ ಹಂತದ ಉಣ್ಣೆಯು ಸೋಂಕುಳ್ಳ ದನದ ರಕ್ತವನ್ನು ಕುಡಿದು ಅದನ್ನು ಪಡೆಯಬೇಕು; ಪೊರೆ ಬಿಟ್ಟು ಬಲಿತ ಮೇಲೆ ಮತ್ತೊಂದು ದನಕ್ಕೆ ಕೊಡಬೇಕು. ಹಾಗಾದರೆ ಸೋಂಕುಳ್ಳ ಆ ಮೊದಲನೆಯ ದನ ಯಾವುದು? ಬಹುಮಟ್ಟಿಗೆ ಅದು ರೋಗದಿಂದ ಚೇತರಿಸಿಕೊಂಡ, ನೋಡಲು ಆರೋಗ್ಯವಾಗಿರುವ ದನವೇ. ಕರುವಾಗಿದ್ದಾಗ ಸೋಂಕು ತಗುಲಿ, ಸ್ವಲ್ಪ ಬಳಲಿ, ಗುಣವಾದ ದೇವಣಿಯ ರಕ್ತದಲ್ಲಿ ಬೆರಳೆಣಿಕೆಯಷ್ಟು ಜೀವಿಗಳು ಬಹುಕಾಲ ಉಳಿದಿರುತ್ತವೆ. ಎಮ್ಮೆಗಳ ವಿಷಯವೂ ಅಂತೆಯೇ. ಅವು ಈ ಜೀವಿಗೆ ಸಹಜವಾದ ಆಶ್ರಯವೆಂದು ತಜ್ಞರ ಅಭಿಪ್ರಾಯ. ಬೂದಿಯೊಳಗಿನ ಕೆಂಡದಂತಿರುವ ಈ ಸೋಂಕು ದೇವಣಿಗೆ ಹಾನಿ ಮಾಡುವುದಿಲ್ಲ, ಬದಲಾಗಿ ಅದರ ನಿರೋಧಶಕ್ತಿಯನ್ನು ಹಸಿಯಾಗಿಡುತ್ತದೆ. ಆದರೆ ಪಕ್ಕದ ಗೂಟದ ಮಿಶ್ರತಳಿಗೆ ಬೆಂಕಿ ಹತ್ತುವುದು ಅದೇ ಕೆಂಡದಿಂದ. ಒಂದರ ರಕ್ಷೆಯೇ ಮತ್ತೊಂದರ ಮೃತ್ಯುವಾಗುವ ಈ ವಿಚಿತ್ರವನ್ನು ಗಮನಿಸದೆ ಯಾವ ನಿಯಂತ್ರಣೋಪಾಯವನ್ನೂ ಯೋಜಿಸಲಾಗದು.

ಈಗ ರೋಗದ ಒಳಗಿನ ಕ್ರಿಯೆಯನ್ನು ನೋಡೋಣ. ಹತ್ತಿದ ಉಣ್ಣೆಯು ಮೊದಲೆರಡು ಮೂರು ದಿನ ರಕ್ತ ಹೀರುತ್ತಿರುವಾಗ ಅದರ ಜೊಲ್ಲುಗ್ರಂಥಿಯಲ್ಲಿ ಜೀವಿಗಳು ಬಲಿತು, ಅನಂತರ ಜೊಲ್ಲಿನೊಡನೆ ದನದ ದೇಹವನ್ನು ಸೇರುತ್ತವೆ. (ದಿನವೂ ಉಣ್ಣೆ ಆರಿಸುವ ಹಳೆಯ ಪದ್ಧತಿಗೆ ಇಲ್ಲಿ ಆಧಾರ ದೊರೆಯುತ್ತದೆ, ಎರಡು ದಿನದೊಳಗೆ ಕಿತ್ತ ಉಣ್ಣೆಯು ಬಹುಶಃ ರೋಗವನ್ನು ಕೊಟ್ಟಿರುವುದಿಲ್ಲ.) ಬಬೀಸಿಯದಂತೆ ಈ ಜೀವಿಯು ನೇರವಾಗಿ ರಕ್ತನಾಶಕ್ಕೆ ತೊಡಗುವುದಿಲ್ಲ. ಮೊದಲು ಅದು ಹೊಗುವುದು ಬಿಳಿಯ ರಕ್ತಕಣಗಳನ್ನು, ಎಂದರೆ ರೋಗದೊಡನೆ ಹೋರಾಡಬೇಕಾದ ಕಣಗಳನ್ನೇ. ಹೊಕ್ಕು, ಅವುಗಳ ವಿಭಜನೆಯ ಸೂತ್ರವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಕಣವು ಅರ್ಬುದದ ಕಣದಂತೆ ಎಡೆಬಿಡದೆ ಇಬ್ಭಾಗವಾಗುತ್ತ ಹೋಗುತ್ತದೆ. ಒಳಗಿನ ಪರೋಪಜೀವಿಯೂ ಜೊತೆಯಲ್ಲಿಯೇ ಇಬ್ಭಾಗವಾಗಿ ಎರಡು ಮರಿಕಣಗಳಲ್ಲಿಯೂ ಪಾಲು ಪಡೆಯುತ್ತದೆ. ಗ್ರಂಥಿಗಳು ಉಬ್ಬುವುದು, ಜ್ವರವೇರುವುದು ಈ ಹಂತದಲ್ಲಿ. ಗ್ರಂಥಿಯಿಂದ ಸೂಜಿಯಲ್ಲಿ ತೆಗೆದ ರಸವನ್ನು ಬಣ್ಣಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಣಗಳೊಳಗೆ ಕಾಕನ ನೀಲಿ ಕಾಯಗಳೆಂದು ಪ್ರಸಿದ್ಧವಾದ ರೂಪಗಳು ಕಾಣುತ್ತವೆ. ರಾಬರ್ಟ್ ಕಾಕನ ಹೆಸರೇ ಇದು. ಕೊನೆಗೆ ಜೀವಿಗಳು ಕೆಂಪು ಕಣಗಳನ್ನು ಸೇರುತ್ತವೆ. ರಕ್ತಹೀನತೆಯೂ ಕಾಮಾಲೆಯೂ ಬಂದು ದನವು ಕುಸಿಯುತ್ತದೆ.

ಬುಪರ್ವಕ್ವೋನ್ ಎಂಬ ಮದ್ದು 1980ರ ದಶಕದಲ್ಲಿ ಬಳಕೆಗೆ ಬಂದಮೇಲೆ ಅನೇಕ ಪ್ರಾಣಿಗಳು ಬದುಕಿವೆ, ಇದರಲ್ಲಿ ಸಂಶಯವಿಲ್ಲ. ಆದರೆ ಅದು ದುಬಾರಿ. ಜ್ವರದ ಮೊದಲ ದಿನಗಳಲ್ಲಿ ಕೊಟ್ಟರೆ ಮಾತ್ರ ಪೂರ್ಣಫಲ. ಟ್ಯುನೀಸಿಯ, ಇರಾನ್, ಸುಡಾನ್ ದೇಶಗಳಲ್ಲಿ ಈ ಮದ್ದಿಗೆ ಬಗ್ಗದ ಜೀವಿಗಳೂ ಕಾಣಿಸಿಕೊಂಡಿವೆ. ಔರಾದದ ಒಳಗ್ರಾಮಗಳಲ್ಲಿ ಜ್ವರ ಬಂದು, ರೈತನು ಗಮನಿಸಿ, ವೈದ್ಯರನ್ನು ಕರೆತಂದು, ಮದ್ದನ್ನು ಪಟ್ಟಣದಿಂದ ತರಿಸುವಷ್ಟರಲ್ಲಿ ಆ ಮೊದಲ ದಿನಗಳು ಕಳೆದೇ ಹೋಗಿರುತ್ತವೆ.

ದೇವಣಿಯಂತಹ ನಾಡತಳಿಗಳು ಬದುಕುವುದೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳುಂಟು. ಒಂದು, ಹುಟ್ಟುಗುಣ. ಎಡಿನ್‌ಬರೊದ ಸಂಶೋಧಕರು ಸಾಹಿವಾಲ್ ಮತ್ತು ಹೋಲ್‌ಸ್ಟೈನ್ ಕರುಗಳಿಗೆ ಸಮಪ್ರಮಾಣದಲ್ಲಿ ಥೈಲೇರಿಯ ಸೋಂಕನ್ನು ಕೊಟ್ಟು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಹಿವಾಲ್ ಕರುಗಳ ರೋಗಲಕ್ಷಣಗಳು ಬಹಳ ಸೌಮ್ಯವಾಗಿದ್ದುವು. ಅವುಗಳ ದೇಹದ ಉರಿಯೂತದ ಪ್ರತಿಕ್ರಿಯೆಯೂ ಮಿತವಾಗಿದ್ದಿತು. ಹೋಲ್‌ಸ್ಟೈನನ್ನು ಕೊಲ್ಲುವುದು ಪರೋಪಜೀವಿಯಷ್ಟೇ ಅದರ ಸ್ವಂತ ದೇಹದ ಅತಿರೇಕವೂ ಹೌದೆಂದು ಇದರಿಂದ ಊಹಿಸಬಹುದು. ಎರಡನೆಯದು, ಬಾಲ್ಯದ ಪರಿಚಯ. ನಾಡದನದ ಕರುವು ಮೊದಲ ಮಳೆಗಾಲದಲ್ಲಿಯೇ ಉಣ್ಣೆಯ ಪರಿಚಯ ಮಾಡಿಕೊಂಡು ನಿರೋಧಶಕ್ತಿಯನ್ನು ಗಳಿಸುತ್ತದೆ. ಬಬೀಸಿಯದ ವಿಷಯದಲ್ಲಿ ಪ್ರಕೃತಿಯು ಮತ್ತಷ್ಟು ಉದಾರ: ಕರುಗಳು ಸುಮಾರು ಒಂಬತ್ತು ತಿಂಗಳವರೆಗೆ ತಳಿ ಯಾವುದೇ ಆದರೂ ಆ ರೋಗವನ್ನು ತಡೆದುಕೊಳ್ಳುತ್ತವೆ. ಥೈಲೇರಿಯಕ್ಕೆ ಈ ರಿಯಾಯಿತಿ ಇಲ್ಲ. ಎರಡು ತಿಂಗಳು ತುಂಬದ ಮಿಶ್ರತಳಿಯ ಕರುಗಳೂ ಅದರಿಂದ ಸಾಯುತ್ತವೆ. ‘ಹೇಗೂ ಬೆಳೆಯುತ್ತ ಹೊಂದಿಕೊಳ್ಳುತ್ತದೆ’ ಎಂಬ ನಂಬಿಕೆಯು ಕೆಂಪುಮೂತ್ರದ ರೋಗಕ್ಕೆ ಸ್ವಲ್ಪ ಸಲ್ಲಬಹುದು, ಈ ಜ್ವರಕ್ಕೆ ಸಲ್ಲದು.

ಬಾಲ್ಯದ ಪರಿಚಯವನ್ನು ಅಪಾಯವಿಲ್ಲದೆ ಮಾಡಿಸುವುದೇ ಲಸಿಕೆಯ ತತ್ವ. ಆಲ್ಜೀರಿಯದ ಪಾಸ್ತರ್ ಸಂಸ್ಥೆಯಲ್ಲಿ ಸೆರ್ಜಾಂ ಸೋದರರೂ ಅವರ ಸಂಗಡಿಗರೂ 1920–30ರ ದಶಕಗಳಲ್ಲಿ, ದನದಿಂದ ದನಕ್ಕೆ ರಕ್ತದ ಮೂಲಕ ಸಾಗಿಸಿ ಸೌಮ್ಯವಾದ ಒಂದು ಜೀವಿಸಂತತಿಯನ್ನು ಬಳಸಿ ಈ ದಾರಿಯನ್ನು ತೆರೆದರು. ಆದರೆ ರಕ್ತವನ್ನು ಚುಚ್ಚುವುದೆಂದರೆ ಅದರೊಡನೆ ಇತರ ರೋಗಗಳನ್ನೂ ಚುಚ್ಚುವ ಭಯವಿದ್ದೇ ಇತ್ತು. 1945ರಲ್ಲಿ ಪ್ಯಾಲೆಸ್ತೀನಿನಲ್ಲಿ ತ್ಸೂರ್ ಎಂಬ ಸಂಶೋಧಕನು ನೀಲಿ ಕಾಯಗಳುಳ್ಳ ಕಣಗಳನ್ನು ಗಾಜಿನ ಪಾತ್ರೆಯಲ್ಲಿಯೇ ಬೆಳೆಸಿದಾಗ ದೊಡ್ಡ ತಿರುವು ಬಂದಿತು. ಜೀವಿಯ ದುಷ್ಟಗುಣವೇ ಇಲ್ಲಿ ಉಪಕಾರಿಯಾಯಿತು: ದನದ ದೇಹದಲ್ಲಿ ಬಿಳಿಕಣವನ್ನು ನಿಲ್ಲದೆ ಬೆಳೆಸುವ ಅದೇ ಶಕ್ತಿಯಿಂದ, ಪಾತ್ರೆಯಲ್ಲಿಯೂ ಆ ಕಣಗಳು ನಿಲ್ಲದೆ ಬೆಳೆಯುತ್ತವೆ. ಹೀಗೆ ಪಾತ್ರೆಯಿಂದ ಪಾತ್ರೆಗೆ ನೂರಾರು ಸಲ ಬದಲಾಯಿಸುತ್ತ ಬೆಳೆಸಿದರೆ ಜೀವಿಯು ರೋಗ ಉಂಟುಮಾಡುವ ಉಗ್ರತೆಯನ್ನು ಕಳೆದುಕೊಳ್ಳುತ್ತದೆ, ದೇಹಕ್ಕೆ ಪಾಠ ಕಲಿಸುವ ಗುಣವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಕೆಂಪು ಕಣಗಳ ಹಂತಕ್ಕೆ ಹೋಗುವುದನ್ನೂ ಬಿಟ್ಟುಬಿಡುತ್ತದೆ. ಹಾಗಾಗಿ ಲಸಿಕೆಯ ಜೀವಿಯನ್ನು ಉಣ್ಣೆಯು ಎತ್ತಿಕೊಂಡು ಹರಡುವ ಸಂಭವವೂ ಕಡಿಮೆ. ಇಸ್ರೇಲ್, ಇರಾನ್, ತುರ್ಕಿ, ಚೀನಾ ದೇಶಗಳು ಇಂತಹ ಲಸಿಕೆಗಳನ್ನು ಬಳಸಿಕೊಂಡಿವೆ. ನಮ್ಮಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಅಂಗವಾದ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯು ರಕ್ಷಾವ್ಯಾಕ್-ಟಿ ಎಂಬ ಹೆಸರಿನಲ್ಲಿ ಇದನ್ನು ತಯಾರಿಸಿತು. ಎರಡು ತಿಂಗಳು ತುಂಬಿದ ಕರುಗಳಿಂದ ಮೊದಲ್ಗೊಂಡು ಇದನ್ನು ಕೊಡಬಹುದು; ಚರ್ಮದ ಕೆಳಗೆ 3 ಮಿಲಿಲೀಟರಿನ ಒಂದು ಚುಚ್ಚುಮದ್ದು ಸಾಕು. ತುಂಬುಗಬ್ಬದ ಆಕಳುಗಳಿಗೂ ಕಾಯಿಲೆಬಿದ್ದ ದನಗಳಿಗೂ ಕೊಡತಕ್ಕದ್ದಲ್ಲ.

ಹೈದರಾಬಾದು ಬೀದರಿಗೆ ಸುಮಾರು 140 ಕಿಲೋಮೀಟರು. ಆದರೂ ಈ ಲಸಿಕೆಯು ಗಂಟಲುಬೇನೆಯ ಲಸಿಕೆಯಂತೆ ಹಳ್ಳಿಹಳ್ಳಿಗೆ ಹೋಗಲಿಲ್ಲ. ಕಾರಣವು ಲಸಿಕೆಯ ಸ್ವಭಾವದಲ್ಲಿಯೇ ಇದೆ. ಅದು ಸತ್ತ ಪದಾರ್ಥವಲ್ಲ, ಜೀವಂತ ಕಣಗಳು; ದ್ರವ ಸಾರಜನಕದಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ, ಹೆಪ್ಪುಗಟ್ಟಿಸಿ ಇಟ್ಟಿರಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ದರೆ ಕಣಗಳು ಸಾಯುತ್ತವೆ. ಸತ್ತ ಕಣಗಳಿಂದ ಫಲವಿಲ್ಲ. ಕೊಡುವ ಸ್ಥಳದಲ್ಲಿಯೇ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಅದರ ದ್ರಾವಣದಲ್ಲಿ ಬೆರೆಸಿ, ಸ್ವಲ್ಪ ಹೊತ್ತಿನಲ್ಲಿಯೇ ಮುಗಿಸಿಬಿಡಬೇಕು. ಎಂದರೆ ಒಂದು ಬೆಳಗಿನಲ್ಲಿ ಒಂದೆಡೆ ಹಲವು ದನಗಳನ್ನು ಕೂಡಿಸದೆ ಈ ಕೆಲಸವು ನಡೆಯದು. ಮೇ ತಿಂಗಳ ಬಿಸಿಲಿನಲ್ಲಿ, ಮನೆಗೊಂದು ದೂರಕ್ಕೊಂದು ಇರುವ ಮಿಶ್ರತಳಿಯ ದನಗಳನ್ನು ಹುಡುಕುತ್ತ ಹೋಗುವ ವೈದ್ಯರಿಗೆ ಇದೆಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ದ್ರವ ಸಾರಜನಕದ ಪಾತ್ರೆಯು ಭಾಲ್ಕಿಗಾಗಲಿ ಔರಾದಕ್ಕಾಗಲಿ ಹೊಸದೇನೂ ಅಲ್ಲ. ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳು ಅದೇ ಪಾತ್ರೆಯಲ್ಲಿ, ಅದೇ ಶೈತ್ಯದಲ್ಲಿ, ವರ್ಷವಿಡೀ ಪಶು ಆಸ್ಪತ್ರೆಗಳಿಗೆ ತಲಪುತ್ತಿವೆ. ರೋಗಕ್ಕೆ ಸುಲಭವಾಗಿ ತುತ್ತಾಗುವ ಹೋಲ್‌ಸ್ಟೈನ್ ರಕ್ತವನ್ನು ಈ ಸೀಮೆಗೆ ತಂದದ್ದು ಯಾವ ಪಾತ್ರೆಯೋ, ಅದರ ರಕ್ಷಣೆಯನ್ನೂ ತರಬಲ್ಲದ್ದು ಅದೇ ಪಾತ್ರೆ. ಮಿಶ್ರತಳಿಯ ಕರು ಎಲ್ಲಿ, ಯಾವ ತಿಂಗಳಿನಲ್ಲಿ ಹುಟ್ಟುವುದೆಂಬುದು ಗರ್ಭಧಾರಣೆಯ ದಾಖಲೆಪುಸ್ತಕದಲ್ಲಿಯೇ ಇರುತ್ತದೆ. ಆ ಪುಸ್ತಕವೇ ಲಸಿಕೆಯ ಪಟ್ಟಿಯಾಗಬಲ್ಲದು. ಸಾರಜನಕವನ್ನು ತುಂಬುವ ವಾಹನವು ಚಳಿಗಾಲದಲ್ಲೊಮ್ಮೆ ಲಸಿಕೆಯನ್ನೂ ಜೊತೆಗೆ ಒಯ್ದರೆ, ಪ್ರತ್ಯೇಕ ಶೈತ್ಯವ್ಯವಸ್ಥೆಯ ವೆಚ್ಚದ ಬಹುಭಾಗವು ಉಳಿಯುತ್ತದೆ. ಪಾತ್ರೆಯನ್ನು ಪದೇ ಪದೇ ತೆರೆದರೆ ವೀರ್ಯವೂ ಕೆಡುವುದೆಂಬ ಆಕ್ಷೇಪವನ್ನು ಒಪ್ಪತಕ್ಕದ್ದೇ. ಲಸಿಕೆಗಾಗಿ ಸಣ್ಣ ಪಾತ್ರೆಯೊಂದನ್ನು ಬೇರೆಯಾಗಿಡುವುದು ಮೇಲು.

ಕಾಲದ ಆಯ್ಕೆಯೂ ಮುಖ್ಯ. ಬಲಿತ ಹಯಲೊಮ್ಮಗಳು ಬೇಸಿಗೆಯ ಕೊನೆಯಿಂದ ಮಳೆಗಾಲದುದ್ದಕ್ಕೂ ಚುರುಕಾಗಿರುತ್ತವೆ. ಚುಚ್ಚಿದ ಮೇಲೆ ನಿರೋಧಶಕ್ತಿ ಬಲಿಯಲು ಕೆಲವು ವಾರಗಳು ಬೇಕು. ಆದುದರಿಂದ ಜನವರಿಯಿಂದ ಮಾರ್ಚಿಯ ಒಳಗಾಗಿ ಕೆಲಸ ಮುಗಿಯಬೇಕು. ರೋಗ ಕಾಣಿಸಿದ ಮೇಲೆ ಓಡಾಡುವುದು ವ್ಯರ್ಥ. ಲಸಿಕೆಯ ಆಸುಪಾಸಿನಲ್ಲಿ ಬುಪರ್ವಕ್ವೋನನ್ನು ಕೊಡಲೂಬಾರದು: ಅದು ರೋಗದ ಜೀವಿಗೂ ಲಸಿಕೆಯ ಜೀವಿಗೂ ಭೇದವೆಣಿಸದೆ ಎರಡನ್ನೂ ಕೊಲ್ಲುತ್ತದೆ. ಹೊರಗಿನ ಸಂತೆಯಿಂದ ಹಾಲಿನ ಆಕಳನ್ನು ಕೊಳ್ಳುವವರು, ಸಾಧ್ಯವಾದರೆ ಲಸಿಕೆಯಾಗಿ ತಿಂಗಳೆರಡಾದ ಪ್ರಾಣಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಸಾಲ ಕೊಡುವ ಸಂಸ್ಥೆಗಳು ಆಕಳಿಗೆ ವಿಮೆಯನ್ನು ಕಡ್ಡಾಯ ಮಾಡುವಾಗ ಈ ಚುಚ್ಚುಮದ್ದನ್ನೂ ಕೇಳಬಾರದೇಕೆಂಬುದು ವಿಚಾರಾರ್ಹ.

ಲಸಿಕೆಯಿಂದ ಆಗದ ಕೆಲಸಗಳನ್ನೂ ಹೇಳಬೇಕು. ಅದು ಸೋಂಕನ್ನೇ ತಡೆಯುವುದಿಲ್ಲ, ಸೋಂಕು ಮಾರಕವಾಗುವುದನ್ನು ತಡೆಯುತ್ತದೆ. ಉಣ್ಣೆಯಿರುವ ಕೊಟ್ಟಿಗೆಯಲ್ಲಿ ಸಹಜ ಸೋಂಕು ಆಗಾಗ ತಗುಲಿ ಆ ಶಕ್ತಿಯನ್ನು ನವೀಕರಿಸುತ್ತದೆ. ಉಣ್ಣೆಯೇ ಇಲ್ಲದ ಸಿಮೆಂಟಿನ ಕೊಟ್ಟಿಗೆಯಲ್ಲಿ ಶಕ್ತಿಯು ಕ್ರಮೇಣ ಕುಗ್ಗುವುದರಿಂದ ಅಲ್ಲಿ ಮರುಲಸಿಕೆ ಬೇಕಾಗುತ್ತದೆ. ಕೇರಳದಲ್ಲಿ ತೊಂದರೆ ಕೊಟ್ಟಿರುವ ಥೈಲೇರಿಯ ಓರಿಯೆಂಟಾಲಿಸ್ ಎಂಬ ದಾಯಾದಿ ಜೀವಿಯ ಮೇಲೆ ಇದರ ಆಟ ನಡೆಯದು. ಬಬೀಸಿಯಕ್ಕೂ ಅನಪ್ಲಾಸ್ಮಕ್ಕೂ ಇದು ಸಂಬಂಧಿಸಿದ್ದಲ್ಲ. ಆಸ್ಟ್ರೇಲಿಯದಲ್ಲಿ ಗುಲ್ಮ ತೆಗೆದ ಕರುಗಳಲ್ಲಿ ಸೌಮ್ಯಗೊಳಿಸಿದ ಬಬೀಸಿಯವನ್ನೂ, ಥೈಲರನು 1911ರ ಸುಮಾರಿಗೆ ದಕ್ಷಿಣ ಆಫ್ರಿಕದಲ್ಲಿ ಆರಂಭಿಸಿದ ಅನಪ್ಲಾಸ್ಮ ಸೆಂಟ್ರಾಲೆಯನ್ನೂ ಲಸಿಕೆಗಳಾಗಿ ಬಳಸುತ್ತಾರೆ. ನಮ್ಮ ದೇಶದಲ್ಲಿ ಅವು ಬಳಕೆಗೆ ಬಂದಿಲ್ಲ. ಉಣ್ಣೆಯ ಕರುಳಿನ ಸಸಾರಜನಕವನ್ನೇ ದನಕ್ಕೆ ಚುಚ್ಚಿ ಉಣ್ಣೆಯ ವಿರುದ್ಧ ನಿರೋಧವನ್ನು ಹುಟ್ಟಿಸುವ ಲಸಿಕೆಗಳು 1990ರ ದಶಕದಲ್ಲಿ ಆಸ್ಟ್ರೇಲಿಯ, ಕ್ಯೂಬಾಗಳಲ್ಲಿ ಬಂದುವು. ಅವು ಮುಖ್ಯವಾಗಿ ಸಾಮಾನ್ಯ ಉಣ್ಣೆಯನ್ನು ಗುರಿಯಾಗಿಟ್ಟವು.

ಆದಕಾರಣ ಉಣ್ಣೆಯ ಹತೋಟಿಯನ್ನು ಬಿಡುವಂತಿಲ್ಲ. ಆದರೆ ಅದರ ಕ್ರಮವನ್ನು ತಿದ್ದಿಕೊಳ್ಳಬೇಕು. ಒಂದೇ ಕೀಟನಾಶಕವನ್ನು ಅಂದಾಜಿನ ಪ್ರಮಾಣದಲ್ಲಿ ವಾರವಾರವೂ ಸುರಿಯುವುದರಿಂದ ಉಣ್ಣೆಗಳು ಅದಕ್ಕೆ ಒಗ್ಗಿಹೋಗುತ್ತವೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳಿಗೆ ಬಗ್ಗದ ಉಣ್ಣೆಗಳು ಭಾರತದ ಅನೇಕ ಭಾಗಗಳಲ್ಲಿ ಕಂಡುಬಂದಿರುತ್ತವೆ. ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಸುಣ್ಣ ಮರಳಿನ ಗಾರೆಯಿಂದ ಮುಚ್ಚುವುದು, ಮೂಲೆಗಳಲ್ಲಿ ಕಲ್ಲು ಕಟ್ಟಿಗೆಗಳ ರಾಶಿ ಇಡದಿರುವುದು, ಕೆಚ್ಚಲು, ತೊಡೆಸಂದು, ಬಾಲದ ಬುಡವನ್ನು ದಿನಕ್ಕೊಮ್ಮೆ ಕೈಯಿಂದ ತಡವಿ ನೋಡುವುದು, ಇವು ಹೆಚ್ಚು ಖರ್ಚಿನವಲ್ಲ. ದೇವಣಿಯ ಕರುಗಳ ಮೇಲಿನ ಪ್ರತಿಯೊಂದು ಉಣ್ಣೆಯನ್ನೂ ನಿರ್ಮೂಲ ಮಾಡುವ ಹಟ ಬೇಡವೆಂದು ನಮ್ಮ ಅಭಿಪ್ರಾಯ: ಬಾಲ್ಯದಲ್ಲಿ ಸ್ವಲ್ಪ ಸೋಂಕನ್ನು ಕಾಣದೆ ಬೆಳೆದ ದೇವಣಿಯು, ದೊಡ್ಡದಾದ ಮೇಲೆ ಮೊದಲ ಸಲ ಅದನ್ನು ಎದುರಿಸುವಾಗ ಹಿಂದಿನಷ್ಟು ಸುಲಭವಾಗಿ ಪಾರಾಗುವುದೆಂಬ ಭರವಸೆಯಿಲ್ಲ. ಮಿಶ್ರತಳಿಗೆ ಲಸಿಕೆ, ದೇವಣಿಗೆ ಮಿತವಾದ ಉಣ್ಣೆ, ಎರಡಕ್ಕೂ ಬಿರುಕಿಲ್ಲದ ಗೋಡೆ: ಈ ಮೂರನ್ನು ಜೊತೆಗೆ ಇಟ್ಟುಕೊಂಡು ಒಂದೆರಡು ಗ್ರಾಮಗಳಲ್ಲಿ ಕೆಲವು ವರ್ಷ ಲೆಕ್ಕವಿಟ್ಟು ನೋಡುವುದಾದರೆ, ಭಾಲ್ಕಿ ತಾಲ್ಲೂಕು ಅದಕ್ಕೆ ಅನುಕೂಲ, ಅಲ್ಲಿಗೆ ರೈಲೂ ಇದೆ. ಔರಾದಕ್ಕೆ ಸಾರಜನಕದ ಪಾತ್ರೆಯು ರಸ್ತೆಯಲ್ಲಿಯೇ ಹೋಗಬೇಕು, ಶಿವರಾತ್ರಿಯ ಬಿಸಿಲು ಏರುವ ಮುಂಚೆಯೇ ಹೋಗಬೇಕು.